ಲೈಬ್ರರಿ ಅಕ್ಕನ ಅಂಚೆಚೀಲ: ಚಾಮಯ್ಯ ಮೇಷ್ಟ್ರ ಮೇಲೆ ಸಿಟ್ಟು ಯಾಕೆ?

ಹೋದ ತಿಂಗಳು ಈ ಅಂಕಣದಲ್ಲಿ ಯಾವುದೋ ಮಾತಿನ ನಡುವೆ ಒಂದು ಸಾಲು ಬರೆದುಬಿಟ್ಟಿದ್ದೆ: ‘ನಾಗರಹಾವು’ ಸಿನಿಮಾ ನೋಡುವಾಗಲೆಲ್ಲ ನನಗೆ ಚಾಮಯ್ಯ ಮೇಷ್ಟ್ರ ಮೇಲೆ ಸಿಟ್ಟು ಬರುತ್ತೆ, ಅಂತ. ಅಷ್ಟಕ್ಕೇ ಪತ್ರಿಕೆಯವರು ಒಂದು ರಟ್ಟಿನ ಡಬ್ಬಿ ತುಂಬ ಕಾಗದ ಕಳಿಸಿದ್ದಾರೆ. ಅರ್ಧಕ್ಕರ್ಧ ಬೈಗುಳ. ಇರಲಿ, ಬೈಯಲಿಕ್ಕಾದರೂ ಪೆನ್ನು ಹಿಡಿದರಲ್ಲ ಅಂತ ಸಂತೋಷವೇ ಆಯಿತು.

ಹೊಸಬರಿಗೆ ನನ್ನ ಪರಿಚಯ ಎರಡೇ ಮಾತಲ್ಲಿ. ಹುಟ್ಟಿದ್ದು ಚಿತ್ರದುರ್ಗದ ಕೋಟೆಯ ಬುಡದಲ್ಲಿ, ಸೇರಿದ್ದು ದಾವಣಗೆರೆಗೆ. ಪಿ.ಜೆ. ಬಡಾವಣೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ 28 ವರ್ಷ ಬಾಡಿಗೆ ಪುಸ್ತಕದ ಲೈಬ್ರರಿ ನಡೆಸಿದೆ. ಶುರುವಿನಲ್ಲಿ ದಿನಕ್ಕೆ 25 ಪೈಸೆ, ಮುಚ್ಚುವ ಹೊತ್ತಿಗೆ 2 ರೂಪಾಯಿ. ನಮ್ಮೆಜಮಾನರು ಟಾಕೀಸಿನ ಟಿಕೆಟ್ ಕೌಂಟರಿನಲ್ಲಿದ್ದರು. ನನ್ನ ಕಾದಂಬರಿ ಜ್ಞಾನವೂ ಸಿನಿಮಾ ಜ್ಞಾನವೂ ಇಷ್ಟರಿಂದ ಬಂದದ್ದೇ ಹೊರತು ಯಾವ ಕಾಲೇಜಿನಿಂದಲೂ ಅಲ್ಲ. ಕೇಳಿದವರ ಹೆಸರು ಹಾಕುವುದಿಲ್ಲ. ಅದು ಲೈಬ್ರರಿ ಕಾಲದಿಂದ ಬಂದ ಅಭ್ಯಾಸ. ಯಾರು ಯಾವ ಪುಸ್ತಕ ಒಯ್ದರು ಅಂತ ಯಾರಿಗೂ ಹೇಳುತ್ತಿರಲಿಲ್ಲ.

ನಾನು ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು. ಚಾಮಯ್ಯ ಮೇಷ್ಟ್ರಂಥ ಗುರು ಕನ್ನಡ ಚಿತ್ರರಂಗದಲ್ಲಿ ಮತ್ತೊಬ್ಬರಿಲ್ಲ. ಅವರನ್ನು ಕಂಡರೆ ನಿಮಗೆ ಸಿಟ್ಟು ಬರುತ್ತದೆ ಎಂದರೆ ದೋಷ ನಿಮ್ಮ ಕಣ್ಣಿನದು.
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಮೇಷ್ಟ್ರೇ, ನಮಸ್ಕಾರ. ಕಣ್ಣಿನ ದೋಷ ಇರೋದು ನಿಜ, ಎಡಗಣ್ಣಿಗೆ ಪೊರೆ ತೆಗೆಸಿದ್ದೇನೆ. ಆದರೂ ಹೇಳ್ತೀನಿ, ಕೇಳಿ.

ಕೆ.ಎಸ್. ಅಶ್ವತ್ಥ್ ಅವರು ಆ ಪಾತ್ರಕ್ಕೆ ಜೀವ ಕೊಟ್ಟಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. 1972ರ ಕೊನೆಗೆ ಬಂದ ಸಿನಿಮಾ. ನಾನಾಗ ಲಂಗ ದಾವಣಿಯ ಹುಡುಗಿ. ನಮ್ಮ ಕೋಟೆ, ನಮ್ಮ ಬಂಡೆ, ನಮ್ಮ ಬಿಸಿಲು ಪರದೆಯ ಮೇಲೆ ಬಂದವಲ್ಲ ಅಂತ ಓಣಿಗೆ ಓಣಿಯೇ ಹೋಗಿ ನೋಡಿತು. ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಬಿದ್ದಾಗ ನಾನೂ ಸೆರಗಿನ ತುದಿ ಒದ್ದೆ ಮಾಡಿಕೊಂಡವಳೇ.

ಮುಂದೆ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಸಿನಿಮಾ ಮತ್ತೆ ಮತ್ತೆ ಹಾಕುತ್ತಿದ್ದರು. ನಮ್ಮೆಜಮಾನರು ಕೌಂಟರ್ ಮುಚ್ಚಿ, ದುಡ್ಡು ಎಣಿಸಿ ಕೊಟ್ಟು, ಕೊನೆಯ ಅರ್ಧ ಗಂಟೆ ಬಾಗಿಲ ಪರದೆ ಸರಿಸಿ ನಿಲ್ಲುವವರು. ಅವರು ಪರದೆ ನೋಡುತ್ತಿರಲಿಲ್ಲ, ಜನರ ಮುಖ ನೋಡುತ್ತಿದ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದರು: “ಮೇಷ್ಟ್ರು ಸತ್ರೆ ಗಾಂಧಿ ಕ್ಲಾಸಿಂದ ಬಾಲ್ಕನಿವರೆಗೂ ಅಳ್ತಾರೆ ಕಣೇ. ಅದೇ ಅಲಮೇಲು ಹೋಟ್ಲಲ್ಲಿ ಸಿಕ್ತಾಳಲ್ಲ, ಆಗ ಒಬ್ರೂ ಅಳಲ್ಲ. ಕಾಲಡಿ ಚಪ್ಪಲಿ ಹುಡುಕ್ತಾರೆ.”

ಆ ಮಾತು ಕೇಳಿದ ಮೇಲೆ ನಾನು ಆ ಸಿನಿಮಾವನ್ನು ಬೇರೆ ಥರ ನೋಡತೊಡಗಿದೆ. ನೀವೂ ಕಥೆಯ ಎಳೆ ಹಿಡಿದು ನೋಡಿ. ಮೇಷ್ಟ್ರ ಶಿಷ್ಯ ರಾಮಾಚಾರಿಗೆ ಅಲಮೇಲು ಬೇಕು, ಅವಳಿಗೂ ಅವನು ಬೇಕು. ಜಾತಿಯ ಮಾತು ಬರುತ್ತದೆ. ಹುಡುಗ ಯಾರ ಮಾತಿಗೂ ಬಗ್ಗುವವನಲ್ಲ, ಹೆತ್ತವರಿಗೂ ಬಗ್ಗದವನು. ಅವನನ್ನು ಬಗ್ಗಿಸಬಲ್ಲವರು ಒಬ್ಬರೇ, ಆ ಒಬ್ಬರನ್ನೇ ಕಳಿಸುತ್ತಾರೆ. ಮೇಷ್ಟ್ರು ಗದರುವುದಿಲ್ಲ, ಹೊಡೆಯುವುದಿಲ್ಲ. ಪ್ರೀತಿಯಿಂದ ಕೇಳುತ್ತಾರೆ. ಅವನು ಬಿಟ್ಟುಕೊಡುತ್ತಾನೆ. ಅವಳು ಬೇರೆಯವನನ್ನು ಮದುವೆಯಾಗಿ ಕೊನೆಗೆ ಮೈ ಮಾರುವ ಹೋಟೆಲಿನ ಕೋಣೆಗೆ ಬಂದು ನಿಲ್ಲುತ್ತಾಳೆ. ಆಮೇಲೆ ರಾಮಾಚಾರಿ ಮೆಚ್ಚಿದ ಮಾರ್ಗರೆಟ್ ವಿಷಯದಲ್ಲಿ ಅದೇ ಮೇಷ್ಟ್ರು ಮತ್ತೆ ಅದೇ ಬೆಟ್ಟ ಹತ್ತಿ ಬರುತ್ತಾರೆ.

ನಮ್ಮ ಎಷ್ಟೋ ಸಿನಿಮಾಗಳಲ್ಲಿ ಇಂಥ ಕೆಲಸಕ್ಕೆ ಒಬ್ಬ ಖಳ ಬೇಕು. ಮೀಸೆ, ಕೆಂಪು ಕಣ್ಣು, ಕೈಯಲ್ಲಿ ಚಾವಟಿ. ಜಾತಿಯ ಪಾಪವನ್ನೆಲ್ಲ ಅವನ ತಲೆಗೆ ಕಟ್ಟಿ, ಹೀರೋ ಅವನಿಗೆ ನಾಲ್ಕು ಇಕ್ಕಿದ ಮೇಲೆ ನಾವು ಹಗುರಾಗಿ ಮನೆಗೆ ಹೋಗಿ ಮಲಗುತ್ತೇವೆ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಆ ಸೌಕರ್ಯ ನಮಗೆ ಕೊಡಲಿಲ್ಲ. ಮೂಲ ಕಾದಂಬರಿ ಬರೆದ ತರಾಸು ಅವರಿಗೆ ತಮ್ಮ ಕಾದಂಬರಿಗಳು ಪರದೆಯ ಮೇಲೆ ಬಂದ ರೀತಿ ಹಿಡಿಸಿರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೂರು ಕಾದಂಬರಿ ಬೆರೆಸಿ ಒಂದು ಸಿನಿಮಾ ಮಾಡಿದರೆ ಯಾವ ಲೇಖಕರಿಗೆ ತಾನೇ ಹಿಡಿಸೀತು! ಆದರೆ ಈ ಒಂದು ಕಾರಣಕ್ಕೆ ನನಗೆ ಸಿನಿಮಾದ ಮೇಲೆ ಗೌರವ. ಎಲ್ಲರಿಗಿಂತ ಒಳ್ಳೆಯವರ ಬಾಯಲ್ಲೇ ಆ ಮಾತು ಆಡಿಸಿದರಲ್ಲ.

ಯಾಕೆಂದರೆ ನಾನು ಕಂಡದ್ದೂ ಹಾಗೇ. ನಮ್ಮಕ್ಕ ಟೈಪಿಂಗ್ ಕಲಿಯಲು ಹೋಗುತ್ತಿದ್ದಾಗ ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಅದನ್ನು ಮುರಿದವರು ನಮ್ಮ ಓಣಿಯ ಹಿರಿಯರೊಬ್ಬರು. ಕೆಟ್ಟವರಲ್ಲ, ಅರ್ಧ ಓಣಿಯ ಮಕ್ಕಳಿಗೆ ಸ್ಕೂಲ್ ಫೀಸು ಕಟ್ಟಿದವರು. ನಮ್ಮ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ಅಕ್ಕನೇ ತಂದುಕೊಟ್ಟ ಕಾಫಿ ಕುಡಿಯುತ್ತ, “ಹುಡುಗ ಬಂಗಾರದಂಥವನಮ್ಮ. ಆದ್ರೆ ನಾಳೆ ನಿನ್ ತಂಗೀದು ಆಗ್ಬೇಕಲ್ಲ” ಅಂದರು. ಅಷ್ಟೇ ಅಂದದ್ದು. ತಂಗಿ ಅಂದರೆ ನಾನು, ಬಾಗಿಲ ಸಂದಿಯಲ್ಲೇ ನಿಂತಿದ್ದೆ. ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು, ಖಾಲಿ ಲೋಟ ತಗೊಂಡು ಒಳಗೆ ಹೋದಳು. ಅದಾದ ಮೇಲೆ ಆ ಹುಡುಗನ ವಿಷಯ ನಮ್ಮ ಮನೆಯಲ್ಲಿ ಯಾವತ್ತೂ ಬರಲಿಲ್ಲ.

ಆ ಹಿರಿಯರು ತೀರಿಕೊಂಡಾಗ ನಾನೂ ಅತ್ತೆ, ಅಕ್ಕನೂ ಅತ್ತಳು. ಹಾಗಾಗಿ ಮೇಷ್ಟ್ರೇ, ನನ್ನ ಸಿಟ್ಟು ಚಾಮಯ್ಯನವರನ್ನು ಪ್ರೀತಿಸುವವಳ ಸಿಟ್ಟು. ನೀವು ಇನ್ನೊಂದು ಸಲ ನೋಡಿ, ಈ ಸಲ ಅಲಮೇಲು ಹೋಟೆಲಿನಲ್ಲಿ ಸಿಕ್ಕಾಗ ಚಪ್ಪಲಿ ಹುಡುಕಬೇಡಿ. ಆಮೇಲೂ ದೋಷ ನನ್ನದೇ ಅನಿಸಿದರೆ ಬರೆಯಿರಿ.

ಕಾದಂಬರಿ ಮೇಲೋ ಸಿನಿಮಾ ಮೇಲೋ? ಒಂದೇ ಮಾತಿನಲ್ಲಿ ಹೇಳಿ.
– ಪಿಯುಸಿ ವಿದ್ಯಾರ್ಥಿ, ಜಗಳೂರು

ಬೆಣ್ಣೆ ದೋಸೆ ಮೇಲೋ ಮಂಡಕ್ಕಿ ಮಿರ್ಚಿ ಮೇಲೋ? ಹಸಿವು ನೋಡಿಕೊಂಡು ಹೇಳಬೇಕು ತಮ್ಮಾ. ಪರೀಕ್ಷೆಗೆ ಬೇಕಿದ್ದರೆ ಮಾತ್ರ ಪುಸ್ತಕವನ್ನೇ ಓದು.

ಸಿನಿಮಾದಾಗ ಬಡವರು ಯಾವಾಗ್ಲೂ ಅಳ್ತಾನೇ ಇರ್ತಾರೆ. ನಮ್ಮವ್ವ ಶೇಂಗಾ ಸುಲಿದು ನಾಲ್ಕು ಮಕ್ಕಳ್ನ ಸಾಕಿದ್ಳು. ನಾನಂತೂ ಆಕಿ ಅತ್ತಿದ್ದು ನೋಡಿಲ್ಲ. ಬಡತನ ಗೊತ್ತಿಲ್ದೋರು ಸಿನಿಮಾ ಯಾಕ್ ತೆಗೀತಾರೆ?
– ಎಣ್ಣೆ ಗಾಣದ ಕಾರ್ಮಿಕ, ಚಳ್ಳಕೆರೆ

ಅಪ್ಪಾ, ನಿನ್ನ ಕಾಗದವನ್ನು ಮೂರು ಸಲ ಓದಿದೆ. ಸಿನಿಮಾದ ಬಡವರ ಮನೆ ನನಗೂ ಬಾಯಿಪಾಠ. ಮೂಲೆಯಲ್ಲೊಂದು ಹೊಲಿಗೆ ಮಿಷನ್ನು, ಅದರ ಮುಂದೆ ಕೆಮ್ಮುವ ತಾಯಿ. ಸೀರೆಗೆ ತೇಪೆ, ಆ ತೇಪೆಯ ಬಟ್ಟೆ ಸೀರೆಗಿಂತ ಹೊಸದು! ಹಂಡೆಯಲ್ಲಿ ಅಕ್ಕಿ ಇಲ್ಲ, ಆದರೆ ಹಂಡೆ ಮಾತ್ರ ಫಳಫಳ. ಒಂದು ಸಲ ನಮ್ಮೆಜಮಾನರು ಅಂದಿದ್ದರು, “ಇವಳ ಮಿಷನ್ ಮಾರಿದ್ರೆ ಮೂರು ತಿಂಗಳ ರೇಷನ್ ಬರುತ್ತೆ” ಅಂತ.

ನಿಮ್ಮ ಕಡೆಯ ಹೆಂಗಸರು ಶೇಂಗಾ ಸುಲಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಳ್ಳಕೆರೆಯಲ್ಲಿ ನಮ್ಮ ಸೋದರತ್ತೆಯ ಮನೆ ಇತ್ತು. ಕಾಯಿಗೆ ಮೊದಲು ನೀರು ಚಿಮುಕಿಸಿ ಸಿಪ್ಪೆ ಮೆತ್ತಗೆ ಮಾಡಿಕೊಳ್ಳುವುದು, ಆಮೇಲೆ ಹೆಬ್ಬೆರಳಿನ ಉಗುರು ಕೊಟ್ಟು ಒಡೆಯುವುದು. ಸೇರಿನ ಲೆಕ್ಕದಲ್ಲಿ ಕೂಲಿ. ಸಂಜೆ ಹೊತ್ತಿಗೆ ಹೆಬ್ಬೆರಳು ಬಾತು ಉಗುರಿನ ಸಂದಿ ಸೀಳಿರುತ್ತಿತ್ತು, ಸಾರಿನ ಖಾರ ತಾಗಿದರೆ ಚುರ್ ಅನ್ನೋದು. ಅದಕ್ಕೇ ಅವರು ಮುದ್ದೆ ಮುರಿಯುವಾಗ ಹೆಬ್ಬೆರಳು ಎತ್ತಿ ಹಿಡಿದು ಉಳಿದ ನಾಲ್ಕು ಬೆರಳಲ್ಲೇ ಉಣ್ಣುತ್ತಿದ್ದರು. ನಗುತ್ತ, ಯಾರದೋ ಮನೆಯ ಸುದ್ದಿ ಹೇಳುತ್ತ ಉಣ್ಣುತ್ತಿದ್ದರು. ಬಡತನ ಅಂದರೆ ನನ್ನ ಕಣ್ಣ ಮುಂದೆ ಬರುವುದು ಆ ಎತ್ತಿದ ಹೆಬ್ಬೆರಳು. ಅದನ್ನು ಯಾವ ಸಿನಿಮಾದಲ್ಲೂ ನಾನು ನೋಡಿಲ್ಲ.

ಆದರೆ ಪುಸ್ತಕದಲ್ಲಿ ಹತ್ತಿರ ಹತ್ತಿರ ನೋಡಿದ್ದೇನೆ. ದೇವನೂರ ಮಹಾದೇವ ಅವರ ‘ಒಡಲಾಳ’ ಓದಿದೀಯಾ? ಸಣ್ಣ ಪುಸ್ತಕ, ಎರಡು ಪಾಳಿ ನಡುವೆ ಮುಗಿಯುತ್ತೆ. ಸಾಕವ್ವ ಅಂತ ಒಬ್ಬಳು ಮುದುಕಿ, ಕಳೆದುಹೋದ ಹುಂಜ ಹುಡುಕುತ್ತ ಊರೆಲ್ಲ ಬೈಯುತ್ತ ತಿರುಗುತ್ತಾಳೆ. ಆ ಹಸಿದ ಮನೆಗೆ ಒಂದು ರಾತ್ರಿ ಕಡಲೆಕಾಯಿ ಮೂಟೆ ಬರುತ್ತೆ. ನಿಮ್ಮೂರ ಶೇಂಗಾನೇ ಅಂತಿಟ್ಟುಕೋ. ಕದ್ದದ್ದು. ಮನೆ ಮಂದಿಯೆಲ್ಲ ಕೂತು ತಿನ್ನುತ್ತಾರೆ ನೋಡು, ಆ ಪುಟಗಳನ್ನು ಓದುವಾಗ ನನಗೆ ನಗುವೂ ಬಂತು, ಬಾಯಲ್ಲಿ ನೀರೂ ಬಂತು. ಕರುಣೆ ಪಡಲಿಕ್ಕೆ ಆ ಮನೆಯವರು ನಮಗೆ ಬಿಡುವೇ ಕೊಡುವುದಿಲ್ಲ. ಮಾರನೆಯ ದಿನ ಪೊಲೀಸರು ಬರುತ್ತಾರೆ. ಮುಂದಿನದು ನಾನು ಹೇಳಲ್ಲ.

ಭೈರಪ್ಪನವರ ‘ಗೃಹಭಂಗ’ ದೊಡ್ಡ ಪುಸ್ತಕ, ಪ್ಲೇಗು, ಬರ ಎಲ್ಲ ಬರುತ್ತೆ. ಅದರ ನಂಜಮ್ಮ ಕೂಡ ಅಳುವುದು ಕಡಿಮೆ. ಶಾನುಭೋಗಿಕೆ ಗಂಡನದು, ಲೆಕ್ಕ ಬರೆಯುವವಳು ಇವಳು. ಉಳಿದ ಹೊತ್ತಿನಲ್ಲಿ ಮುತ್ತುಗದ ಎಲೆ ಹಚ್ಚುತ್ತಾಳೆ. ನನ್ನ ಲೈಬ್ರರಿಯಲ್ಲಿ ಆ ಪುಸ್ತಕದ ಬೈಂಡು ನಾಲ್ಕು ಸಲ ಕಿತ್ತುಹೋಯಿತು. ಒಯ್ದವರಲ್ಲಿ ಹೆಚ್ಚಿನವರು ಬೀಡಿ ಕಟ್ಟುವವರು, ಹಪ್ಪಳ ಲಟ್ಟಿಸುವವರು. ಪುಟದ ಅಂಚಿನಲ್ಲಿ ಹಿಟ್ಟಿನ ಬೆರಳಚ್ಚು ಇರುತ್ತಿತ್ತು.

ಬಡತನ ಗೊತ್ತಿಲ್ಲದವರು ಸಿನಿಮಾ ಯಾಕೆ ತೆಗೀತಾರೆ ಅಂದರೆ, ನೋಡುವವರು ಅಳಲಿಕ್ಕೆ ದುಡ್ಡು ಕೊಡುತ್ತಾರೆ, ಅದಕ್ಕೆ. ನಮ್ಮೆಜಮಾನರು ಆ ದುಡ್ಡು ಎಣಿಸಿದವರು. ನೀನು ನಿಮ್ಮವ್ವನ ವಿಷಯ ನಾಲ್ಕು ಪುಟ ಬರಿ. ತಪ್ಪಿದ್ದರೆ ನಾನು ತಿದ್ದುತ್ತೇನೆ.

ಟೀವಿ ಧಾರಾವಾಹಿಗಳಲ್ಲಿ ಅತ್ತೆಯರನ್ನು ರಾಕ್ಷಸಿಯರ ಹಾಗೆ ತೋರಿಸ್ತಾರೆ. ನನ್ನ ಸೊಸೆ ದಿನಾ ನೋಡ್ತಾಳೆ. ನನಗೆ ಭಯವಾಗ್ತಿದೆ.
– ಒಬ್ಬ ಅತ್ತೆ, ಹರಿಹರ

ಭಯ ಬೇಡ ಕಣ್ರೀ. ಆ ಅತ್ತೆಯರು ಮಲಗುವಾಗಲೂ ಜರಿ ಸೀರೆ ಉಟ್ಟಿರುತ್ತಾರೆ. ನೀವು ನೈಟಿ ಹಾಕಿಕೊಂಡು ಸೊಪ್ಪು ಬಿಡಿಸುತ್ತೀರಿ. ಸೊಸೆಗೆ ವ್ಯತ್ಯಾಸ ಗೊತ್ತಾಗುತ್ತೆ.

ಆದರೆ ಒಂದು ಗಮನಿಸಿ. ಆ ಧಾರಾವಾಹಿಯ ಮನೆಗಳಲ್ಲಿ ಯಾರೂ ಪಾತ್ರೆ ತೊಳೆಯುವುದಿಲ್ಲ, ಗ್ಯಾಸ್ ಮುಗಿಯುವುದಿಲ್ಲ, ಕರೆಂಟ್ ಬಿಲ್ಲು ಬರುವುದಿಲ್ಲ. ಮನೆಯೊಳಗೆ ನಿಜವಾದ ಜಗಳ ಹುಟ್ಟುವುದೇ ಇವುಗಳಿಂದ, ವಿಷದ ಬಾಟಲಿಯಿಂದಲ್ಲ. ರಾತ್ರಿ ಎಂಟೂವರೆಗೆ ಅವಳು ಟೀವಿ ಮುಂದೆ ಕೂತಾಗ ನೀವು ಪಕ್ಕದಲ್ಲಿ ಕೂತು ಆ ಅತ್ತೆಗೆ ಅವಳಿಗಿಂತ ಜೋರಾಗಿ ಬೈಯಿರಿ. ನಮ್ಮತ್ತೆ ಹೀಗೇ ಮಾಡುತ್ತಿದ್ದರು, ಆಗ ರೇಡಿಯೋ ನಾಟಕ. ನಾನು ಅರ್ಧ ಸಿಟ್ಟು ಅಲ್ಲೇ ಮರೆಯುತ್ತಿದ್ದೆ. ಉಳಿದರ್ಧ ಇತ್ತು ಬಿಡಿ.

ಕೋಟೆಯ ಕಿಂಡಿ ನೋಡಲು ಹೋದಾಗ ಓಬವ್ವ ಯಾವ ಜಾತಿ ಎಂದು ಕೇಳಿದೆ. ವೀರರಿಗೆ ಜಾತಿ ಇಲ್ಲ ಎಂದು ಟೀಚರ್ ಬೈದರು. ಕೇಳಿದ್ದು ತಪ್ಪಾ?
– ಒಂಬತ್ತನೇ ತರಗತಿ ಹುಡುಗಿ, ಚಿತ್ರದುರ್ಗ

ತಪ್ಪಲ್ಲ ಪುಟ್ಟಿ. ಓಬವ್ವ ಛಲವಾದಿ ಸಮುದಾಯದವಳು ಅಂತ ದುರ್ಗದವರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಗಂಡ ಕಹಳೆ ಮುದ್ದಹನುಮಪ್ಪ, ಕೋಟೆಯ ಕಾವಲುಗಾರ. ಅವನು ಮಧ್ಯಾಹ್ನದ ಊಟಕ್ಕೆ ಬಂದಿದ್ದ. ಇವಳು ನೀರಿಗೆ ಅಂತ ಹೋದಾಗ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದು ಕಂಡಳು. ಉಣ್ಣುವವನನ್ನು ಎಬ್ಬಿಸಬಾರದು ಅಂತ ಒನಕೆ ತಗೊಂಡಳು. ಕತೆ ಇಷ್ಟು.

ನಿಮ್ಮ ಟೀಚರು ಒಳ್ಳೆಯ ಮನಸ್ಸಿನಿಂದಲೇ ಅಂದಿರಬಹುದು. ಆದರೆ ಪಾಳೇಗಾರರ ವಂಶಾವಳಿಯನ್ನು ಪಾಠದಲ್ಲಿ ಉರು ಹೊಡೆಸುತ್ತಾರೆ, ಓಬವ್ವನ ಸರದಿ ಬಂದಾಗ ಮಾತ್ರ ಜಾತಿ ಯಾಕಮ್ಮ ಅನ್ನುತ್ತಾರೆ. ‘ನಾಗರಹಾವು’ ಸಿನಿಮಾದಲ್ಲಿ ಜಯಂತಿ ಅವರು ಓಬವ್ವ ಆಗಿ ಬರುವ ಹಾಡು ನೋಡಿರಬೇಕು ನೀನು. ರೋಮ ನಿಮಿರುತ್ತೆ, ನಿಜ. ನನಗೆ ಆ ಹಾಡಿಗಿಂತ ಒನಕೆಯ ಬಗ್ಗೆ ಹೆಚ್ಚು ಆಸೆ. ಮನೆಗೆಲಸದ ಸಾಮಾನು ಅದು. ರಾಗಿಯೋ ಭತ್ತವೋ ಕುಟ್ಟಿ ಕುಟ್ಟಿ ಕೈಗೆ ಪಳಗಿದ್ದರಿಂದಲೇ ಆವತ್ತು ಅಷ್ಟು ಹೊತ್ತು ಎತ್ತಲು ಆಯಿತು. ಹಳೆಯ ಒನಕೆ ನಿಮ್ಮಜ್ಜಿಯ ಮನೆಯಲ್ಲಿದ್ದರೆ ಒಂದು ಸಲ ಎತ್ತಿ ನೋಡು.

ನನ್ನ ತಂಗಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆದು ವಾಸಿಯಾಗಿ ಬಂದಿದ್ದಾಳೆ. ‘ಶರಪಂಜರ’ ನೋಡಬೇಕು ಅಂತಿದ್ದಾಳೆ. ತೋರಿಸಲೋ ಬೇಡವೋ?
– ನರ್ಸ್, ದಾವಣಗೆರೆ

ತಂಗಿಗೆ ಈಗಲೇ ಬೇಡ, ವೈದ್ಯರನ್ನು ಕೇಳಿ ಆಮೇಲೆ. ಅವಳ ಗಂಡನಿಗೂ ಅವರ ಮನೆಯವರಿಗೂ ಈ ವಾರವೇ ತೋರಿಸಿ.

‘ಶರಪಂಜರ’ ಕಾದಂಬರಿ ಬರೆದ ತ್ರಿವೇಣಿಯವರು ಮನಶ್ಶಾಸ್ತ್ರ ಓದಿದ್ದವರು. ಮೂವತ್ತೈದು ತುಂಬುವ ಮೊದಲೇ ಹೋದರು, ಆದರೆ ಆ ಕಾದಂಬರಿಯಲ್ಲಿ ಅವರು ಹೇಳಿದ್ದನ್ನು ನಾವು ಇನ್ನೂ ಪೂರ್ತಿ ಕೇಳಿಸಿಕೊಂಡಿಲ್ಲ. ಅದರ ನಾಯಕಿ ಕಾವೇರಿ, ಆಸ್ಪತ್ರೆಯಲ್ಲಿ ವಾಸಿಯಾಗುತ್ತಾಳೆ. ಮನೆಗೆ ಬಂದ ಮೇಲೆ ಕೆಡುತ್ತಾಳೆ. ಅವಳು ನಕ್ಕರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಗಟ್ಟಿಯಾಗಿ ಮಾತಾಡಿದರೆ ‘ಶುರುವಾಯ್ತು’ ಅನ್ನುತ್ತಾರೆ. ಸಿನಿಮಾದಲ್ಲಿ ಕಲ್ಪನಾ ಅಭಿನಯವನ್ನು ಎಲ್ಲರೂ ಹೊಗಳಿದರು. ಹೊಗಳಿದವರೇ ಇಂಟರ್‌ವಲ್ಲಿನಲ್ಲಿ ಮಿರ್ಚಿ ತಿನ್ನುತ್ತ ತಮ್ಮ ಬೀದಿಯ ಯಾರನ್ನೋ ‘ಅದೇ, ಶರಪಂಜರ’ ಅಂತ ಹೆಸರಿಟ್ಟು ಕರೆದರು. ಇದನ್ನೂ ನಮ್ಮೆಜಮಾನರೇ ಹೇಳಿದ್ದು. ಒಳ್ಳೆಯ ಸಿನಿಮಾದಿಂದ ಜನ ಒಂದು ಹೊಸ ಬೈಗುಳ ಕಲಿತುಕೊಂಡು ಹೋದರು!

ನೀವು ಮನೆಯಲ್ಲಿ ಒಂದು ಕೆಲಸ ಮಾಡಿ. ಅವಳಿಗೆ ಮೊದಲಿನ ಹಾಗೆ ಬೈಯಿರಿ. ಹಾಲು ಉಕ್ಕಿಸಿದರೆ, ಬಾಗಿಲು ಹಾಕದೆ ಹೋದರೆ, ಅಕ್ಕ ತಂಗಿಗೆ ಬೈಯುವ ಹಾಗೆ ಬೈಯಿರಿ. ಹುಷಾರಾಗಿ ಮಾತಾಡುವ ಮನೆಯಲ್ಲಿ ಬದುಕುವುದು ಬಲು ಕಷ್ಟ.

ಸಿನಿಮಾಗಳಲ್ಲಿ ನಮ್ಮವರು ಎರಡೇ ಥರ. ಒಂದೋ ಬಾಂಬ್ ಇಡುವವರು, ಇಲ್ಲಾ ಹೀರೋಗೋಸ್ಕರ ಸಾಯುವ ಸ್ನೇಹಿತ. ನನ್ನ ಅಬ್ಬಾ ಮಂಡಕ್ಕಿ ಭಟ್ಟಿಯವರು. ಬಾಂಬೂ ಇಟ್ಟಿಲ್ಲ, ಯಾರಿಗೋಸ್ಕರವೂ ಸತ್ತಿಲ್ಲ.
– ಬಿ.ಕಾಂ. ವಿದ್ಯಾರ್ಥಿ, ದಾವಣಗೆರೆ

ನಿನ್ನ ಕಾಗದ ಓದಿ ಗಟ್ಟಿಯಾಗಿ ನಕ್ಕೆ, ಆಮೇಲೆ ನಗು ನಿಂತಿತು.

ಬೆಳಗಿನ ಜಾವ ಮೂರಕ್ಕೆ ಎದ್ದು ಭಟ್ಟಿಗೆ ಬೆಂಕಿ ಹಾಕುವುದು, ಕಾದ ಮರಳಲ್ಲಿ ಅಕ್ಕಿ ಹುರಿಯುವುದು, ಅದು ಅರಳುವ ಕ್ಷಣ ಹಿಡಿದು ಜರಡಿಗೆ ತಳ್ಳುವುದು. ಒಂದು ಕ್ಷಣ ತಡವಾದರೆ ಸೀದು ಹೋಗುತ್ತೆ. ಹೊಗೆಗೆ ಕಣ್ಣು ಕೆಂಪು, ಎದೆ ಕಪ್ಪು. ಊರೆಲ್ಲ ಸಂಜೆ ಖಾರ ಮಂಡಕ್ಕಿ ತಿನ್ನುತ್ತೆ, ಆ ಹೊಗೆ ಯಾರ ಕತೆಯಲ್ಲೂ ಇಲ್ಲ. ನಮ್ಮೂರ ಬಗ್ಗೆ ಸಿನಿಮಾ ತೆಗೆಯುವವರಿದ್ದರೆ ಕ್ಯಾಮೆರಾ ಅಲ್ಲಿಂದ ಶುರು ಮಾಡಬೇಕು.

ಓದುವುದಾದರೆ ನಿಮ್ಮವರೇ ಬರೆದದ್ದು ಓದು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಬಾನು ಮುಷ್ತಾಕ್ ಅವರ ಕತೆಗಳು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆಗ ಊರಿಗೆಲ್ಲ ಅವರ ಹೆಸರು ಗೊತ್ತಾಯಿತು. ನನ್ನ ಕಪಾಟಿನಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಇದ್ದರು, ಒಯ್ಯುವವರು ಕಡಿಮೆ ಇದ್ದರು. ಅವರ ಕತೆಯಿಂದ ಗಿರೀಶ್ ಕಾಸರವಳ್ಳಿ ‘ಹಸೀನಾ’ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಈ ಪುಸ್ತಕಗಳಲ್ಲಿ ನಿಮ್ಮವರು ಬಾಂಬ್ ಇಡುವುದಿಲ್ಲ. ಗಂಡ ಹೆಂಡತಿ ಜಗಳ ಆಡುತ್ತಾರೆ, ತಲಾಖ್ ಆಗುತ್ತೆ, ಮಕ್ಕಳಿಗೆ ಹಾಲಿಲ್ಲ ಅಂತ ಒದ್ದಾಡುತ್ತಾರೆ. ನಿನಗೆ ಕೆಲವು ಕಡೆ ಸಿಟ್ಟೂ ಬರಬಹುದು, ಮನೆಯ ಒಳಗಿನದನ್ನು ಹೊರಗೆ ಹಾಕಿದರಲ್ಲ ಅಂತ. ಆ ಸಿಟ್ಟಿನ ಬಗ್ಗೆ ಮೇಲೆ ಮೇಷ್ಟ್ರಿಗೆ ಬರೆದಿದ್ದೇನೆ, ಓದಿಕೋ.

ಊರಿಗೆಲ್ಲ ಬುದ್ಧಿ ಹೇಳ್ತೀರಿ. ನಿಮ್ಮ ಮನೆಯಲ್ಲಿ ಇಂಥದ್ದೆಲ್ಲ ಇರಲೇ ಇಲ್ವಾ?
– ಹೆಸರು, ಊರು ಬರೆದಿಲ್ಲ

ಇತ್ತು.

ನಮ್ಮತ್ತೆ ಬೆಳಿಗ್ಗೆ ಎದ್ದು ಇಷ್ಟಲಿಂಗ ಪೂಜೆ ಮಾಡಿಕೊಂಡು, ಬಸವಣ್ಣನ ವಚನ ಹೇಳಿಕೊಳ್ಳುತ್ತ ಒಲೆ ಹಚ್ಚುತ್ತಿದ್ದರು. ಹಸಿದು ಬಂದವರಿಗೆ ರೊಟ್ಟಿ ಇಲ್ಲ ಅಂದವರಲ್ಲ. ಲೈಬ್ರರಿ ಶುರುವಾದ ಮೂರನೆಯ ವರ್ಷ ಒಬ್ಬ ಹುಡುಗಿ ಬರತೊಡಗಿದಳು. ಹೈಸ್ಕೂಲಿನವಳು, ಅವಳ ತಾಯಿ ನಮ್ಮ ಬೀದಿ ಗುಡಿಸುತ್ತಿದ್ದಳು. 10 ರೂಪಾಯಿ ಡಿಪಾಜಿಟ್ ಕಟ್ಟಿ ಸೇರಿದಳು. ತ್ರಿವೇಣಿ, ಎಂ.ಕೆ. ಇಂದಿರಾ, ಎಲ್ಲ ಓದಿದಳು. ವಾರಕ್ಕೆ ಮೂರು ಪುಸ್ತಕ, ಒಂದು ದಿನವೂ ತಡ ಮಾಡುತ್ತಿರಲಿಲ್ಲ.

ಅವಳು ವಾಪಸ್ ಕೊಟ್ಟ ಪುಸ್ತಕವನ್ನು ನಮ್ಮತ್ತೆ ಕಪಾಟಿಗೆ ಇಡಲು ಬಿಡುತ್ತಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಡು ಅನ್ನುತ್ತಿದ್ದರು. ಸಂಜೆ ಒಳಗೆ ತರುತ್ತಿದ್ದೆ. ಬೇರೆ ಯಾರ ಪುಸ್ತಕಕ್ಕೂ ಬಿಸಿಲಿಲ್ಲ. ಒಂದು ದಿನ ಆ ಹುಡುಗಿ ಕೇಳಿಯೇಬಿಟ್ಟಳು, “ಅಕ್ಕಾ, ನಾನು ನಿನ್ನೆ ಕೊಟ್ಟದ್ದು ಕಿಟಕೀಲಿ ಯಾಕಿದೆ?” ಅಂತ. ನಾನು, “ಪುಸ್ತಕಕ್ಕೆ ಹುಳ ಹಿಡಿಯುತ್ತೆ ಕಣೇ, ಅದಕ್ಕೆ” ಅಂದೆ. ನಮ್ಮತ್ತೆ ಒಳಗಿದ್ದರು. ಸುಳ್ಳು ನಾನು ಹೇಳಿದ್ದು.

ಅವಳು ತಲೆಯಾಡಿಸಿ ಹೋದಳು. ಮುಂದಿನ ಸಲದಿಂದ ಪ್ರತಿ ಪುಸ್ತಕಕ್ಕೂ ದಿನಪತ್ರಿಕೆಯ ಹಾಳೆ ಸುತ್ತಿ ತರತೊಡಗಿದಳು. ಒಯ್ಯುವಾಗ ಸುತ್ತಿಕೊಂಡು ಒಯ್ಯುವಳು. ತರುವಾಗ ಮೇಜಿನ ಮೇಲಿಟ್ಟು, ತಾನೇ ಹಾಳೆ ಬಿಚ್ಚಿ, ಪುಸ್ತಕ ಮುಟ್ಟದೆ ಹಾಳೆಯನ್ನಷ್ಟೇ ಎಳೆದುಕೊಳ್ಳುವಳು. ಪುಸ್ತಕ ಸರ್ರನೆ ನನ್ನ ಕಡೆ ಜಾರುತ್ತಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಇಟ್ಟುಕೊಳ್ಳುವಳು, ಮುಂದಿನ ಪುಸ್ತಕಕ್ಕೆ. ನಾನು ‘ಇದೆಲ್ಲ ಬೇಡ’ ಅನ್ನಬಹುದಿತ್ತು. ಅನ್ನಲಿಲ್ಲ. ಬಿಸಿಲಿಗಿಡುವ ಕೆಲಸ ತಪ್ಪಿತಲ್ಲ ಅಂತ ಒಳಗೊಳಗೇ ಹಗುರಾದೆ ಕೂಡ.

ಅದೇ ದಿನಗಳಲ್ಲಿ ಒಂದು ಮಾರ್ನಿಂಗ್ ಶೋಗೆ ‘ಚೋಮನ ದುಡಿ’ ಹಾಕಿದ್ದರು. ಕಾರಂತರ ಕಾದಂಬರಿ ಮೊದಲೇ ಓದಿದ್ದೆ. ನಮ್ಮೆಜಮಾನರ ಪಾಸು, ಹದಿನೈದು ಇಪ್ಪತ್ತು ಜನ ಇದ್ದೆವು ಅಷ್ಟೇ. ಚೋಮನ ಮಗ ನೀರಿನಲ್ಲಿ ಮುಳುಗುತ್ತಾನೆ, ದಡದಲ್ಲಿ ಜನ ಇದ್ದಾರೆ, ಮುಟ್ಟಬಾರದವನ ಮಗ ಅಂತ ಯಾರೂ ಇಳಿಯುವುದಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಮನೆಗೆ ಬಂದು ಮುಖ ತೊಳೆದು ಲೈಬ್ರರಿ ಬಾಗಿಲು ತೆಗೆದೆ. ಸಂಜೆ ಅವಳು ಬಂದಳು, ಹಾಳೆ ಎಳೆದುಕೊಂಡಳು, ಪುಸ್ತಕ ಜಾರಿತು.

ಅಷ್ಟಾದರೂ ನನಗೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ತಿಳಿಯಲಿಲ್ಲ. ತಿಳಿದದ್ದು ಎಷ್ಟೋ ವರ್ಷದ ಮೇಲೆ, ನಮ್ಮತ್ತೆ ತೀರಿಕೊಂಡು, ಲೈಬ್ರರಿಯ ಹಳೆಯ ಲೆಕ್ಕದ ಪುಸ್ತಕ ಹರಿದು ಹಾಕಲು ಕೂತಾಗ. ಅವಳು ಎಸ್ಸೆಸ್ಸೆಲ್ಸಿ ಆದ ಮೇಲೆ ಬರುವುದು ನಿಂತಿತ್ತು. ಎಲ್ಲ ಪುಸ್ತಕವೂ ವಾಪಸ್ ಬಂದಿದೆ, ಬಾಡಿಗೆ ಬಾಕಿ ಇಲ್ಲ. ಡಿಪಾಜಿಟ್ ಮಾತ್ರ ತಗೊಂಡು ಹೋಗಿಲ್ಲ. ಸಾಮಾನ್ಯವಾಗಿ ಎಲ್ಲರೂ ಪುಸ್ತಕ ಬಾಕಿ ಉಳಿಸಿಕೊಂಡು ಡಿಪಾಜಿಟ್ ಕೇಳಲು ಬರುವವರು.

ಆ ಪುಟವನ್ನು ಹರಿಯಲಿಲ್ಲ. 10 ರೂಪಾಯಿ ಅವಳ ಹೆಸರಿನಲ್ಲಿ ಹಾಗೇ ಇದೆ. ಈ ಪತ್ರಿಕೆ ಅವಳ ಕೈಗೆ ಸಿಕ್ಕೀತೋ ಇಲ್ಲವೋ. ಮನೆ ಅದೇ, ಕಿಟಕಿಯೂ ಅದೇ, ಬೋರ್ಡು ಮಾತ್ರ ಇಲ್ಲ. ಮಧ್ಯಾಹ್ನ ಮಲಗಿರುತ್ತೇನೆ, ನಾಲ್ಕರ ಮೇಲೆ ಬಂದರೆ ಒಳ್ಳೆಯದು.